ಆನ್‌ಲೈನ್ ವಿಕ್ರಯದಲ್ಲಿ ಬೆಲೆಯ ಸಂದಾಯ: ವಿಳಂಬದ ಸ್ವರೂಪ ಮತ್ತು ಪರಿಹಾರ

೧. ವಿಷಯದ ಸ್ವರೂಪ

ಸರಕನ್ನು ಕೊಟ್ಟು ಅದರ ಬೆಲೆಯನ್ನು ಪಡೆಯುವುದೇ ವಿಕ್ರಯ. ಅಂಗಡಿಯ ಕಟ್ಟೆಯ ಮೇಲೆ ಈ ಎರಡು ಕ್ರಿಯೆಗಳೂ ಒಂದೇ ಗಳಿಗೆಯಲ್ಲಿ ಮುಗಿಯುತ್ತವೆ. ನಮ್ಮ ದೇಶದ ೧೯೩೦ರ ಸರಕು ವಿಕ್ರಯ ಕಾಯಿದೆಯೂ ಇದನ್ನೇ ಸಾಮಾನ್ಯ ನಿಯಮವೆಂದು ಭಾವಿಸಿದೆ. ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ ಸರಕನ್ನು ಒಪ್ಪಿಸುವುದೂ ಬೆಲೆಯನ್ನು ಸಲ್ಲಿಸುವುದೂ ಏಕಕಾಲದಲ್ಲಿ ನಡೆಯತಕ್ಕವೆಂದು ಅದರ ೩೨ನೆಯ ಕಲಮು ಹೇಳುತ್ತದೆ. ಆದರೆ ಮಾರುವವನು ಒಂದೂರಿನಲ್ಲಿಯೂ ಕೊಳ್ಳುವವನು ಮತ್ತೊಂದೂರಿನಲ್ಲಿಯೂ ಇರುವಾಗ ಈ ಏಕಕಾಲಿಕತೆ ಮುರಿದುಬೀಳುತ್ತದೆ. ಒಂದೋ ಹಣ ಮೊದಲು ಹೊರಡಬೇಕು, ಇಲ್ಲವೇ ಸರಕು ಮೊದಲು ಹೊರಡಬೇಕು. ಯಾರು ಮೊದಲು ಕಳುಹಿಸುವನೋ ಅವನು ಎರಡನೆಯವನನ್ನು ನಂಬಿದಂತಾಗುತ್ತದೆ.

ಅಂತರ್ಜಾಲದ ಮೂಲಕ ನಡೆಯುವ ವ್ಯಾಪಾರವು ಈ ಸಮಸ್ಯೆಯನ್ನು ಹೊಸದಾಗಿ ಸೃಷ್ಟಿಸಿತೆಂದು ತಿಳಿಯಬಾರದು. ದೂರದ ಊರುಗಳ ವರ್ತಕರು ಹುಂಡಿಯನ್ನು ಬಳಸುತ್ತಿದ್ದ ಕಾಲದಲ್ಲಿಯೇ, ಕಂಡೊಡನೆ ಹಣ ಸಲ್ಲಿಸಬೇಕಾದ ದರ್ಶನಿ ಹುಂಡಿ ಮತ್ತು ಇಂತಿಷ್ಟು ದಿನಗಳ ತರುವಾಯ ಸಲ್ಲಿಸಬೇಕಾದ ಮುದ್ದತಿ ಹುಂಡಿ ಎಂಬ ಭೇದವಿದ್ದಿತು. ೧೮೭೭ರಲ್ಲಿ ಭಾರತದ ಅಂಚೆ ಇಲಾಖೆಯು ವಿ.ಪಿ.ಪಿ. ಪದ್ಧತಿಯನ್ನು ಜಾರಿಗೆ ತಂದಿತು. ಅಂಚೆಯವನು ಹಣ ಪಡೆದ ಮೇಲೆಯೇ ಕಟ್ಟನ್ನು ಕೊಡುವ ಈ ಏರ್ಪಾಟಿನಿಂದ, ಅಂಗಡಿಯ ಕಟ್ಟೆಯೇ ಗ್ರಾಹಕನ ಮನೆಯ ಬಾಗಿಲಿಗೆ ಬಂದಂತಾಯಿತು. ಕನ್ನಡದ ಪುಸ್ತಕ ಪ್ರಕಾಶಕರು ಬಹುಕಾಲ ಈ ಪದ್ಧತಿಯನ್ನೇ ಆಶ್ರಯಿಸಿದ್ದುದನ್ನು ಹಿರಿಯ ಓದುಗರು ಬಲ್ಲರು. ಇಂದಿನ ಬಗೆಬಗೆಯ ಉಪಾಯಗಳೆಲ್ಲವೂ ‘ಮೊದಲು ಯಾರು ನಂಬಬೇಕು?’ ಎಂಬ ಆ ಹಳೆಯ ಪ್ರಶ್ನೆಗೆ ಕೊಟ್ಟ ಉತ್ತರಗಳೇ ಆಗಿವೆ. ಈ ಉತ್ತರಗಳಲ್ಲಿ ಯಾವುದು ಎಲ್ಲಿ ಸಲ್ಲುತ್ತದೆ, ಸಲ್ಲದ ಕಡೆ ಮಾರುವವನಿಗೆ ಉಳಿಯುವ ಹಕ್ಕುಗಳೇನು ಎಂಬುದನ್ನು ಇಲ್ಲಿ ಪರಿಶೀಲಿಸಲಾಗುವುದು.

೨. ವಿಳಂಬದಿಂದಾಗುವ ನಷ್ಟ

‘ಹಣ ಬರುವುದು ತಡವಾದರೇನು, ಕೊನೆಗೆ ಬಂದಿತಲ್ಲ’ ಎಂಬ ಸಮಾಧಾನವು ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಒಬ್ಬ ಸಣ್ಣ ವ್ಯಾಪಾರಿಯ ಮೂಲಧನ ೧,೦೦,೦೦೦ ರೂಪಾಯಿ ಎಂದೂ, ಈ ಹಣ ಒಂದು ಸುತ್ತು ತಿರುಗಿ ಬಂದರೆ ಖರ್ಚು ಕಳೆದು ಶೇಕಡ ೮ರಷ್ಟು ಲಾಭವೆಂದೂ, ಆ ಲಾಭವನ್ನು ಅವನು ಸಂಸಾರಕ್ಕೆ ಬಳಸುವನೆಂದೂ ಭಾವಿಸೋಣ. ಹಣ ೩೦ ದಿನಗಳಲ್ಲಿ ಹಿಂದಿರುಗಿದರೆ ವರ್ಷಕ್ಕೆ ೧೨ ಸುತ್ತುಗಳಾಗಿ ೯೬,೦೦೦ ರೂಪಾಯಿ ಲಾಭ ಬರುತ್ತದೆ. ಅದೇ ಹಣ ೯೦ ದಿನಗಳಿಗೆ ಹಿಂದಿರುಗಿದರೆ ೪ ಸುತ್ತುಗಳು ಮಾತ್ರ. ಲಾಭ ೩೨,೦೦೦ ರೂಪಾಯಿ. ಇಲ್ಲಿ ಯಾವ ಗ್ರಾಹಕನೂ ಮೋಸಮಾಡಲಿಲ್ಲ. ಒಂದು ಕಾಸೂ ಮುಳುಗಲಿಲ್ಲ. ಆದರೂ ಒಂದು ಸಂಸಾರದ ಆದಾಯ ಮೂರನೆಯ ಒಂದು ಭಾಗಕ್ಕೆ ಇಳಿಯಿತು. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಯ ಹಿಂದೆ ಇಂಥ ಲೆಕ್ಕವೇ ಅಡಗಿದೆ.

ತಡಮಾಡುವವರೆಲ್ಲರೂ ಒಂದೇ ಜಾತಿಯವರಲ್ಲವೆಂಬುದನ್ನೂ ಗಮನಿಸತಕ್ಕದ್ದು. ಮರೆತವನು ಒಬ್ಬ, ಕೊಳ್ಳುವ ಮನಸ್ಸು ಬದಲಾಗಿ ಅದನ್ನು ಹೇಳಲು ಸಂಕೋಚಪಡುವವನು ಮತ್ತೊಬ್ಬ, ಕೈಯಲ್ಲಿ ಹಣವಿಲ್ಲದವನು ಇನ್ನೊಬ್ಬ, ಸರಕಿನಲ್ಲಿ ದೋಷವಿದೆಯೆಂದು ನಿಜವಾಗಿಯೇ ನಂಬಿದವನು ಬೇರೊಬ್ಬ. ಇವರಲ್ಲದೆ, ಮಾರುವವನ ಹಣವನ್ನೇ ತನ್ನ ಮೂಲಧನವನ್ನಾಗಿ ಮಾಡಿಕೊಂಡು ಬುದ್ಧಿಪೂರ್ವಕವಾಗಿ ದಿನ ತಳ್ಳುವವನೂ ಉಂಟು. ಮೊದಲನೆಯವನಿಗೆ ನೆನಪಿನ ಒಂದು ಸಾಲು ಸಾಕು. ಕೊನೆಯವನಿಗೆ ಎಷ್ಟು ಓಲೆ ಬರೆದರೂ ಸಾಲದು. ಎಲ್ಲರಿಗೂ ಒಂದೇ ಮದ್ದು ಕೊಡುವುದರಿಂದ ಒಳ್ಳೆಯ ಗ್ರಾಹಕನು ದೂರವಾಗುತ್ತಾನೆ, ಕೆಟ್ಟವನು ಹತ್ತಿರವೇ ಉಳಿಯುತ್ತಾನೆ.

೩. ಆನ್‌ಲೈನ್ ವಿಕ್ರಯದ ಮೂರು ಬಗೆಗಳು

ಆನ್‌ಲೈನ್ ವಿಕ್ರಯವನ್ನು ನಮ್ಮ ಪರಿಶೀಲನೆಯ ಸೌಕರ್ಯಕ್ಕಾಗಿ ಮೂರಾಗಿ ವಿಂಗಡಿಸಬಹುದು.

ಮೊದಲನೆಯದು, ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ನಡೆಯುವ ಚಿಲ್ಲರೆ ಮಾರಾಟ. ಇಲ್ಲಿ ಗ್ರಾಹಕನ ಹಣವನ್ನು ಮಧ್ಯಸ್ಥ ಸಂಸ್ಥೆ ಪಡೆದು ಬಳಿಕ ಮಾರುವವನಿಗೆ ಸಲ್ಲಿಸುತ್ತದೆ. ಇಂಥ ಹಣವನ್ನು ಪಾವತಿ ಸಂಗ್ರಾಹಕ ಸಂಸ್ಥೆಗಳು ತಮ್ಮ ಸ್ವಂತ ಹಣದೊಡನೆ ಬೆರೆಸದೆ, ಬ್ಯಾಂಕಿನಲ್ಲಿ ಎಸ್ಕ್ರೋ ಎಂಬ ಪ್ರತ್ಯೇಕ ಖಾತೆಯಲ್ಲಿ ಇರಿಸಬೇಕೆಂದು ರಿಸರ್ವ್ ಬ್ಯಾಂಕು ೨೦೨೦ರ ಮಾರ್ಚ್ ತಿಂಗಳಲ್ಲಿ ವಿಧಿಸಿತು. ಹೀಗೆ ನಂಬಿಕೆಯ ಭಾರ ಮೂರನೆಯವನ ಮೇಲೆ ಬೀಳುವುದರಿಂದ ಗ್ರಾಹಕನ ವಿಳಂಬ ಇಲ್ಲಿ ಅಪರೂಪ. ಸರಕು ಬಂದಾಗ ಹಣ ಕೊಡುವ ಕ್ರಮದಲ್ಲಿ ಮಾತ್ರ ಬೇರೊಂದು ಕಷ್ಟವಿದೆ. ಗ್ರಾಹಕನು ಬಾಗಿಲಲ್ಲೇ ಕಟ್ಟನ್ನು ನಿರಾಕರಿಸಿದರೆ ಬೆಲೆ ಮುಳುಗುವುದಿಲ್ಲ. ಆದರೆ ಹೋಗಿಬರುವ ಸಾಗಣೆಯ ವೆಚ್ಚವೂ, ಸರಕು ಹಿಂದಿರುಗುವ ತನಕದ ಕಾಲವೂ ನಷ್ಟವಾಗುತ್ತವೆ. ವಿ.ಪಿ.ಪಿ. ಕಟ್ಟುಗಳು ಹಿಂದಿರುಗಿ ಬರುತ್ತಿದ್ದ ಕಾಲದ ತೊಂದರೆಯೂ ಇದೇ.

ಎರಡನೆಯದು, ಹರಾಜಿನ ಮಾದರಿ. ಅಮೆರಿಕದಲ್ಲಿ ೧೯೯೫ರಲ್ಲಿ ಪ್ರಾರಂಭವಾದ ಇಬೇ ಇದಕ್ಕೆ ಪ್ರಸಿದ್ಧ ಉದಾಹರಣೆ. ಇಲ್ಲಿ ಹರಾಜು ಕೂಗಿ ಗೆದ್ದವನು ಹಣ ಕಟ್ಟದೆ ಸುಮ್ಮನಿರುವುದು ಮೊದಲಿನಿಂದಲೂ ಒಂದು ತೊಡಕಾಗಿತ್ತು. ಮಾರುವವರೂ ಕೊಳ್ಳುವವರೂ ಪರಸ್ಪರ ಅಭಿಪ್ರಾಯ ದಾಖಲಿಸುವ ವ್ಯವಸ್ಥೆಯನ್ನು ೧೯೯೬ರಲ್ಲಿ ಆರಂಭಿಸಿ, ಕೀರ್ತಿಯ ಭಯದಿಂದಲೇ ಶಿಸ್ತು ತರಲು ಈ ಸಂಸ್ಥೆ ಯತ್ನಿಸಿತು. ಆದರೆ ಕೊಳ್ಳುವವರ ಮೇಲೆ ಸೇಡಿನ ಟೀಕೆಗಳು ಬರುತ್ತವೆಂಬ ದೂರಿನ ಮೇಲೆ, ಮಾರುವವರು ಅವರ ಬಗ್ಗೆ ಪ್ರತಿಕೂಲ ಅಭಿಪ್ರಾಯ ಬರೆಯುವುದನ್ನು ೨೦೦೮ರಲ್ಲಿ ನಿಲ್ಲಿಸಲಾಯಿತು. ಅಲ್ಲಿಂದ ಮುಂದೆ ಮಾರುವವನಿಗೆ ಕೀರ್ತಿಯ ಅಸ್ತ್ರವಿಲ್ಲ. ನಿಯಮದ ಅಸ್ತ್ರ ಮಾತ್ರ. ನಾಲ್ಕು ದಿನಗಳೊಳಗೆ ಹಣ ಬಾರದಿದ್ದರೆ ವ್ಯವಹಾರವನ್ನು ರದ್ದುಮಾಡುವ ಅವಕಾಶವೂ, ಹರಾಜಲ್ಲದ ಮಾರಾಟದಲ್ಲಿ ತತ್‌ಕ್ಷಣವೇ ಹಣ ಕಟ್ಟಬೇಕೆಂದು ಮೊದಲೇ ವಿಧಿಸುವ ಅವಕಾಶವೂ ಬಂದುವು. ಕೊಳ್ಳುವವನ ಸ್ವಭಾವವನ್ನು ತಿದ್ದುವುದಕ್ಕಿಂತ ಕ್ರಯದ ಕ್ರಮವನ್ನು ತಿದ್ದುವುದು ಸುಲಭವೆಂಬುದು ಈ ಇತಿಹಾಸದಿಂದ ತಿಳಿಯುವ ಪಾಠ.

ಮೂರನೆಯದು, ಮಧ್ಯಸ್ಥನಿಲ್ಲದ ನೇರ ಮಾರಾಟ. ಫೋನಿನಲ್ಲಿ ಚಿತ್ರ ತೋರಿಸಿ ಸೀರೆ ಮಾರುವವರು, ಅಂಗಡಿಗಳಿಗೆ ಸಗಟಾಗಿ ಗೊಂಬೆ ಕಳುಹಿಸುವವರು, ಸಂಸ್ಥೆಗಳಿಗೆ ಸರಕು ಒದಗಿಸುವವರು ಈ ಗುಂಪಿಗೆ ಸೇರುತ್ತಾರೆ. ವಿಳಂಬದ ನಿಜವಾದ ಕ್ಷೇತ್ರ ಇದು. ಏಕೆಂದರೆ ಇಲ್ಲಿ ಸರಕು ಮೊದಲು ಹೋಗುತ್ತದೆ. ಹಣದ ವಾಯಿದೆಯನ್ನು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ. ಮಾರುವವನು ತನಗೆ ಅರಿವಿಲ್ಲದೆಯೇ ಉದ್ದರಿ ಕೊಟ್ಟಿರುತ್ತಾನೆ.

೪. ಸರಕು ವಿಕ್ರಯ ಕಾಯಿದೆಯ ನೆಲೆ

ವಿದ್ಯುನ್ಮಾನ ಸಂದೇಶಗಳ ಮೂಲಕ ಆದ ಕರಾರು ಆ ಕಾರಣದಿಂದಲೇ ಅಸಿಂಧುವಾಗದೆಂದು ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೧೦ಎ ಕಲಮು ಹೇಳುತ್ತದೆ. ಆದುದರಿಂದ ೧೯೩೦ರ ಕಾಯಿದೆಯ ಹಕ್ಕುಗಳು ಆನ್‌ಲೈನ್ ವ್ಯಾಪಾರಿಗೂ ಸಲ್ಲುತ್ತವೆ. ಬೆಲೆ ದೊರೆಯದ ಮಾರಾಟಗಾರನಿಗೆ ಈ ಕಾಯಿದೆಯು ಸರಕಿನ ಮೇಲೆ ಮೂರು ಹಕ್ಕುಗಳನ್ನು ಕೊಡುತ್ತದೆ: ತನ್ನ ವಶದಲ್ಲಿರುವ ಸರಕನ್ನು ಹಿಡಿದಿಟ್ಟುಕೊಳ್ಳುವುದು, ದಾರಿಯಲ್ಲಿರುವ ಸರಕನ್ನು ತಡೆಯುವುದು, ಮತ್ತೊಬ್ಬನಿಗೆ ಮರುವಿಕ್ರಯ ಮಾಡುವುದು.

ಇವು ಮೂರೂ ಸರಕು ಮುಂದೆ ಸಾಗಿದಂತೆಲ್ಲ ಕುಗ್ಗುತ್ತ ಹೋಗುತ್ತವೆಂಬುದೇ ಇಲ್ಲಿ ತಿಳಿಯಬೇಕಾದ ಮುಖ್ಯ ಅಂಶ. ವಿಲೇವಾರಿಯ ಹಕ್ಕನ್ನು ತನ್ನಲ್ಲಿ ಉಳಿಸಿಕೊಳ್ಳದೆ ಸರಕನ್ನು ಸಾಗಣೆದಾರನಿಗೆ ಒಪ್ಪಿಸಿದ ಕೂಡಲೆ ಹಿಡಿದಿಟ್ಟುಕೊಳ್ಳುವ ಹಕ್ಕು ೪೯ನೆಯ ಕಲಮಿನಂತೆ ಹೋಗಿಬಿಡುತ್ತದೆ. ಆ ಬಳಿಕ ದಾರಿಯಲ್ಲಿ ತಡೆಯುವ ಹಕ್ಕು ಉಳಿಯುವುದು ಕೊಳ್ಳುವವನು ದಿವಾಳಿಯಾದ ಪಕ್ಷದಲ್ಲಿ ಮಾತ್ರ. ಈ ಕಾಯಿದೆಯ ಅರ್ಥದಲ್ಲಿ, ತನ್ನ ಸಾಲಗಳನ್ನು ವ್ಯವಹಾರದ ಸಹಜ ಕ್ರಮದಲ್ಲಿ ತೀರಿಸುವುದನ್ನು ನಿಲ್ಲಿಸಿದವನೂ ದಿವಾಳಿಯೇ. ಸರಕು ಕೊಳ್ಳುವವನ ಕೈಸೇರಿದ ಮೇಲೆ ಇದೂ ಇಲ್ಲ. ಬೆಲೆಗಾಗಿ ದಾವೆ ಹೂಡುವುದೊಂದೇ ಉಳಿಯುವ ಮಾರ್ಗ.

ಮತ್ತೊಂದು ತೊಡಕು ೧೧ನೆಯ ಕಲಮಿನಲ್ಲಿದೆ. ಕರಾರಿನಲ್ಲಿ ಬೇರೆ ಉದ್ದೇಶ ಕಾಣದಿದ್ದರೆ ಹಣ ಸಲ್ಲಿಸುವ ಕಾಲವನ್ನು ಕರಾರಿನ ಜೀವಾಳವೆಂದು ಎಣಿಸತಕ್ಕದ್ದಲ್ಲ. ಎಂದರೆ, ಹಣ ಒಂದು ದಿನ ತಡವಾಯಿತೆಂಬ ಮಾತ್ರಕ್ಕೆ ಮಾರುವವನು ಕರಾರನ್ನು ಮುರಿಯಲಾಗದು. ಸರಕು ಇನ್ನೂ ತನ್ನ ವಶದಲ್ಲಿದ್ದರೂ, ಅದು ಬೇಗ ಕೆಡುವ ಪದಾರ್ಥವಲ್ಲದಿದ್ದಲ್ಲಿ, ಮರುವಿಕ್ರಯದ ಉದ್ದೇಶವನ್ನು ಮೊದಲು ತಿಳಿಸಿ ಸಮಂಜಸವಾದ ಕಾಲ ಕಾಯಬೇಕು. ತಿಳಿಸದೆ ಮಾರಿದರೆ ನಷ್ಟವನ್ನು ಕೇಳುವಂತಿಲ್ಲ. ಲಾಭ ಬಂದರೆ ಅದು ಮೊದಲಿನ ಗ್ರಾಹಕನಿಗೇ ಸಲ್ಲುತ್ತದೆ. ಆದುದರಿಂದ ‘ಇಂಥ ದಿನದೊಳಗೆ ಹಣ ಬರಬೇಕು, ಕಾಲವೇ ಈ ಕರಾರಿನ ಜೀವಾಳ, ಬಾರದಿದ್ದರೆ ಮರುಮಾರಾಟ ಮಾಡಲಾಗುವುದು’ ಎಂಬ ಮಾತನ್ನು ಆದೇಶ ಒಪ್ಪುವಾಗಲೇ ಬರವಣಿಗೆಯಲ್ಲಿ ಇಡುವುದರ ಬೆಲೆ ಬಹಳ ದೊಡ್ಡದು.

೫. ಸಣ್ಣ ಉದ್ಯಮಗಳ ವಿಶೇಷ ರಕ್ಷಣೆ ಮತ್ತು ಅದರ ಎಲ್ಲೆ

೨೦೦೬ರ ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯು ಇದಕ್ಕಿಂತ ಹೆಚ್ಚಿನ ರಕ್ಷಣೆಯನ್ನು ಒದಗಿಸಿದೆ. ಅತಿ ಸಣ್ಣ ಅಥವಾ ಸಣ್ಣ ಉದ್ಯಮದಿಂದ ಸರಕು ಕೊಂಡವನು ಒಪ್ಪಿದ ವಾಯಿದೆಯೊಳಗೆ ಹಣ ಕೊಡಬೇಕು. ಆ ವಾಯಿದೆ ಎಷ್ಟೇ ಆದರೂ ೪೫ ದಿನಗಳನ್ನು ಮೀರುವಂತಿಲ್ಲ. ವಾಯಿದೆಯ ಮಾತೇ ಇಲ್ಲದಿದ್ದರೆ ೧೫ ದಿನಗಳ ಗಡುವು. ಸರಕು ತಲಪಿದ ೧೫ ದಿನಗಳೊಳಗೆ ಬರವಣಿಗೆಯಲ್ಲಿ ಆಕ್ಷೇಪಣೆ ಬಾರದಿದ್ದರೆ ಸರಕನ್ನು ಒಪ್ಪಿದಂತೆಯೇ ಎಣಿಕೆ. ಎರಡು ತಿಂಗಳು ತಗಾದೆ ಮಾಡಿದ ಮೇಲೆ ದೋಷವನ್ನು ‘ಕಂಡುಹಿಡಿಯುವ’ ಗ್ರಾಹಕನಿಗೆ ಇದು ತಕ್ಕ ಉತ್ತರ.

ಗಡುವು ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಬಡ್ಡಿಯನ್ನು, ತಿಂಗಳಿಗೊಮ್ಮೆ ಅಸಲಿಗೆ ಸೇರಿಸಿ, ಚಕ್ರಬಡ್ಡಿಯಾಗಿ ತೆರಬೇಕು. ಬ್ಯಾಂಕ್ ದರ ಶೇಕಡ ೬ ಎಂದು ಹಿಡಿದರೆ ಬಡ್ಡಿ ಶೇಕಡ ೧೮ ಆಗುತ್ತದೆ. ೧,೦೦,೦೦೦ ರೂಪಾಯಿಗೆ ಒಂದು ವರ್ಷಕ್ಕೆ ಸುಮಾರು ೧೯,೫೬೨ ರೂಪಾಯಿ. ವಿವಾದವನ್ನು ರಾಜ್ಯದ ಸೌಲಭ್ಯ ಮಂಡಳಿಯ ಮುಂದೆ ಇಡಬಹುದು. ಇದಕ್ಕಾಗಿ ಸಮಾಧಾನ್ ಎಂಬ ಜಾಲತಾಣ ೨೦೧೭ರಲ್ಲಿ ಪ್ರಾರಂಭವಾಯಿತು. ಮಂಡಳಿಯ ತೀರ್ಪನ್ನು ರದ್ದುಪಡಿಸಲು ಕೋರ್ಟಿಗೆ ಹೋಗುವ ಗ್ರಾಹಕನು ತೀರ್ಪಿನ ಹಣದಲ್ಲಿ ಶೇಕಡ ೭೫ನ್ನು ಮೊದಲು ಠೇವಣಿ ಇಡತಕ್ಕದ್ದು. ಇಂಥ ಉದ್ಯಮಗಳಿಗೆ ಗಡುವು ಮೀರಿ ಸಲ್ಲಿಸಿದ ಹಣವನ್ನು, ವಾಸ್ತವವಾಗಿ ಸಲ್ಲಿಸಿದ ವರ್ಷದಲ್ಲಿ ಮಾತ್ರ ಖರ್ಚಾಗಿ ಕಳೆಯಬಹುದೆಂಬ ಆದಾಯ ತೆರಿಗೆಯ ನಿಯಮವನ್ನು ೨೦೨೩ರ ಹಣಕಾಸು ಕಾಯಿದೆ ತಂದಿತು.

ಈ ರಕ್ಷಣೆಗೂ ಎಲ್ಲೆಯುಂಟು. ೨೦೨೧ರ ಜುಲೈಯಲ್ಲಿ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿಯ ಅವಕಾಶ ದೊರೆಯಿತು. ಆದರೆ ಅದರ ಪ್ರಯೋಜನವನ್ನು ಬ್ಯಾಂಕುಗಳ ಆದ್ಯತಾ ಸಾಲಕ್ಕೆ ಮಾತ್ರ ಸೀಮಿತಗೊಳಿಸಲಾಯಿತು. ಇಳಕಲ್ಲಿನಲ್ಲಿ ತಾನೇ ಸೀರೆ ನೇಯಿಸಿ ಮಾರುವವನು ನೋಂದಣಿ ಪಡೆದಿದ್ದರೆ ೪೫ ದಿನಗಳ ರಕ್ಷಣೆಯನ್ನು ಕೇಳಬಹುದು. ಅದೇ ಸೀರೆಯನ್ನು ಕೊಂಡು ಮತ್ತೆ ಮಾರುವವನಿಗೆ ಆ ರಕ್ಷಣೆಯಿಲ್ಲ. ತಯಾರಕನೂ ನೋಂದಣಿಯನ್ನು ಕರಾರಿಗೆ ಮುಂಚೆಯೇ ಮಾಡಿಸಿಕೊಳ್ಳುವುದು ಕ್ಷೇಮ.

೬. ತಗಾದೆಯ ಕ್ರಮ

ಸರಕು ಹೋಗಿ ಹಣ ಬಾರದಿದ್ದಾಗ ಏನು ಮಾಡತಕ್ಕದ್ದು? ಮೊದಲ ಹೆಜ್ಜೆ, ವಾಯಿದೆಯ ಮರುದಿನವೇ ಸೌಮ್ಯವಾದ ನೆನಪಿನ ಪತ್ರ; ಅದರಲ್ಲಿ ಬೀಜಕದ ಸಂಖ್ಯೆ, ಮೊತ್ತ, ಹಣ ಕಟ್ಟುವ ಬಗೆ ಇವು ಮೂರೂ ಇರಬೇಕು. ವಾರದ ಬಳಿಕ ಕಾರಣವನ್ನು ಕೇಳುವ ಎರಡನೆಯ ಪತ್ರ. ಕೈಯಲ್ಲಿ ಹಣವಿಲ್ಲವೆಂದವನಿಗೆ ಕಂತುಗಳನ್ನು ಸೂಚಿಸಿ, ಅವನ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಬೇಕು. ದೋಷವನ್ನು ಹೇಳಿದವನಿಗೆ ಚಿತ್ರಸಹಿತ ವಿವರಣೆ ಕೇಳಿ, ವಿವಾದವಿಲ್ಲದ ಭಾಗದ ಹಣವನ್ನು ಕೂಡಲೆ ಕೊಡುವಂತೆ ತಿಳಿಸಬೇಕು. ಯಾವ ಉತ್ತರವೂ ಬಾರದಿದ್ದರೆ ಮುಂದಿನ ಸರಕನ್ನು ನಿಲ್ಲಿಸಿ, ಕೊನೆಯ ದಿನಾಂಕವನ್ನು ಸೂಚಿಸುವ ನೋಟೀಸು ಕೊಡಬೇಕು.

ಈ ಪತ್ರಗಳಿಗೆ ಇನ್ನೊಂದು ಮಹತ್ತ್ವವೂ ಇದೆ. ೧೯೬೩ರ ಕಾಲಮಿತಿ ಕಾಯಿದೆಯಂತೆ, ಉದ್ದರಿಯ ವಾಯಿದೆ ಗೊತ್ತಾಗಿಲ್ಲದಿದ್ದರೆ ಸರಕು ಒಪ್ಪಿಸಿದ ದಿನದಿಂದಲೂ, ಗೊತ್ತಾಗಿದ್ದರೆ ಆ ವಾಯಿದೆ ಮುಗಿದ ದಿನದಿಂದಲೂ ಮೂರು ವರ್ಷಗಳೊಳಗೆ ದಾವೆ ಹೂಡಬೇಕು. ಆ ಅವಧಿಯೊಳಗೆ ಬಾಕಿದಾರನು ಸಹಿಮಾಡಿ ಬರೆದುಕೊಟ್ಟ ಒಪ್ಪಿಗೆಯಿಂದ ಹೊಸ ಅವಧಿ ಪ್ರಾರಂಭವಾಗುತ್ತದೆ. ‘ಹಣ ಕಳುಹಿಸಿದ್ದೇನೆ’ ಎಂದು ತೋರಿಸುವ ಫೋನಿನ ಚಿತ್ರವನ್ನು ಹಣವೆಂದು ಎಣಿಸದೆ, ತನ್ನ ಖಾತೆಯನ್ನು ನೋಡಿಯೇ ಸರಕು ಹೊರಡಿಸಬೇಕೆಂಬುದನ್ನೂ ಹೇಳಬೇಕಾಗಿದೆ. ಹಣ ಪಡೆಯುವವನು ಗುಪ್ತಸಂಖ್ಯೆಯನ್ನು ಒತ್ತಬೇಕಾದ ಪ್ರಸಂಗವೇ ಇಲ್ಲ. ಒತ್ತಲು ಹೇಳುವವನು ಗ್ರಾಹಕನಲ್ಲ.

೭. ಉಪಸಂಹಾರ

ನೇರವಾಗಿ ಮಾರುವ ಸಣ್ಣ ವ್ಯಾಪಾರಿಯ ಸ್ಥಿತಿಯನ್ನು ಒಟ್ಟಾಗಿ ನೋಡಿದರೆ, ಸರಕು ಹೋದ ಮೇಲೆ ಅವನಿಗೆ ತೆರೆದಿರುವ ಬಾಗಿಲುಗಳು ಬಹು ಕಡಿಮೆಯೆಂದು ಕಾಣುತ್ತದೆ. ಗ್ರಾಹಕರ ಆಯೋಗ ಕೊಳ್ಳುವವನಿಗಾಗಿ ಇರುವುದು, ಬೆಲೆ ಬಾರದ ಮಾರಾಟಗಾರನಿಗಾಗಿ ಅಲ್ಲ. ಕಂಪನಿಗಳ ಮೇಲೆ ದಿವಾಳಿ ಸಂಹಿತೆಯನ್ನು ಬಳಸಲು ಬೇಕಾದ ಕನಿಷ್ಠ ಬಾಕಿಯನ್ನು ೨೦೨೦ರ ಮಾರ್ಚ್‌ನಲ್ಲಿ ೧ ಲಕ್ಷದಿಂದ ೧ ಕೋಟಿ ರೂಪಾಯಿಗೆ ಏರಿಸಲಾಯಿತು. ಸಿವಿಲ್ ದಾವೆಯ ಖರ್ಚು ೩,೦೦೦ ರೂಪಾಯಿಯ ಬಾಕಿಗೆ ಸರಿದೂಗುವುದಿಲ್ಲ. ಆದುದರಿಂದ ಅವನ ನಿಜವಾದ ರಕ್ಷಣೆ ಸರಕು ಹೊರಡುವ ಮೊದಲಿನ ಗಳಿಗೆಯಲ್ಲಿದೆ: ಅಪರಿಚಿತನಿಂದ ಪೂರ್ಣ ಹಣ ಮುಂಗಡ, ಹೇಳಿ ಮಾಡಿಸಿದ ಸರಕಿಗೆ ಕನಿಷ್ಠ ಪಕ್ಷ ಅಸಲು ವೆಚ್ಚದಷ್ಟು ಮುಂಗಡ, ಪರಿಚಿತನಿಗೆ ಮಿತಿಯುಳ್ಳ ಉದ್ದರಿ, ಎಲ್ಲರಿಗೂ ಬರೆದಿಟ್ಟ ವಾಯಿದೆ. ಉದ್ದರಿ ಕೊಡುವುದು ತಪ್ಪಲ್ಲ. ಅದಿಲ್ಲದೆ ವ್ಯಾಪಾರವೇ ಬೆಳೆಯದು. ಆದರೆ ಕೊಟ್ಟದ್ದು ಉದ್ದರಿಯೆಂದು ತಿಳಿದು, ಎಷ್ಟು, ಎಷ್ಟು ದಿನಕ್ಕೆ ಎಂದು ಗೊತ್ತುಮಾಡಿ ಕೊಡಬೇಕು.

ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳು ತಮ್ಮ ಊರಿನ ಹತ್ತು ಮಂದಿ ಆನ್‌ಲೈನ್ ಮಾರಾಟಗಾರರ ಲೆಕ್ಕದ ಪುಸ್ತಕಗಳನ್ನು ಅವರ ಅನುಮತಿಯಿಂದ ನೋಡಿ, ಸರಕು ಹೋದ ದಿನಕ್ಕೂ ಹಣ ಬಂದ ದಿನಕ್ಕೂ ನಡುವಿನ ಅಂತರವನ್ನು ಗುರುತು ಹಾಕಿಕೊಳ್ಳಬಹುದು. ೨೦೦೬ರ ಕಾಯಿದೆಯ ರಕ್ಷಣೆಯನ್ನು ಮರುಮಾರಾಟಗಾರರಿಗೂ ವಿಸ್ತರಿಸಬೇಕೇ ಎಂಬ ಪ್ರಶ್ನೆಗೆ ಅಂಥ ನೂರು ಪುಸ್ತಕಗಳ ಸಾಕ್ಷ್ಯವು ಯಾವ ವಾದಕ್ಕಿಂತಲೂ ಹೆಚ್ಚು ಉಪಯುಕ್ತವಾದೀತು.