ಮೋಡ ಬಂತು, ಮಳೆ ಯಾಕೆ ಬರಲಿಲ್ಲ?

ಆಷಾಢದ ದಿನಗಳಲ್ಲಿ ಚಳ್ಳಕೆರೆಯ ಹೊಲದಲ್ಲಿ ನಿಂತು ನೋಡಿ. ಪಡುವಣ ಗಾಳಿ ಬೀಸುತ್ತಲೇ ಇರುತ್ತದೆ, ತಲೆಯ ಮೇಲೆ ಮೋಡಗಳು ಸಾಲುಗಟ್ಟಿ ಸಾಗುತ್ತವೆ. ಆದರೆ ಶೇಂಗಾ ಬಿತ್ತುವಷ್ಟು ಹದವಾಗುವುದಕ್ಕೂ ರೈತ ಕಾಯಬೇಕು. ಆ ಗಾಳಿ ಹಾದು ಬಂದ, ಘಟ್ಟದ ಮೇಲಿನ ಆಗುಂಬೆಯಲ್ಲಿ ಹಗಲೂ ರಾತ್ರಿ ಒಂದೇ ಸಮನೆ ಮಳೆ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇನ್ನೂರು ಕಿಲೋಮೀಟರ್ ಒಳಗೇ ಇರುವ ಚಳ್ಳಕೆರೆಗೆ ಸಿಗುವುದು 500 ಮಿಲಿಮೀಟರ್ ಆಸುಪಾಸು.

ಮೋಡ ಗುಡ್ಡಕ್ಕೆ ಬಡಿದು ಒಡೆಯುತ್ತದೆ, ಅದಕ್ಕೇ ಘಟ್ಟದಲ್ಲಿ ಮಳೆ ಎಂದು ಹಲವರು ತಿಳಿದಿದ್ದಾರೆ. ಘಟ್ಟ ಮೋಡವನ್ನು ಒಡೆಯುವುದಿಲ್ಲ, ಗಾಳಿಯನ್ನು ಮೇಲಕ್ಕೆ ಎತ್ತುತ್ತದೆ. ಮಳೆಯ ಗುಟ್ಟು ಇರುವುದು ಈ ಏರಿಕೆಯಲ್ಲಿ.

ಸೈಕಲ್ ಚಕ್ರಕ್ಕೆ ಪಂಪಿನಿಂದ ಗಾಳಿ ತುಂಬುವಾಗ ಪಂಪಿನ ಬುಡ ಬಿಸಿಯಾಗುತ್ತದೆ. ಅದೇ ಚಕ್ರದ ಗಾಳಿ ಬಿಟ್ಟರೆ ಬೆರಳಿಗೆ ತಣ್ಣಗೆ ತಾಕುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಹಿಗ್ಗಿದ ಗಾಳಿ ತಂಪಾಗುತ್ತದೆ. ಮೇಲೇರಿದಂತೆ ವಾಯುವಿನ ಒತ್ತಡ ಕಡಿಮೆಯಾಗುವುದರಿಂದ ಘಟ್ಟ ಹತ್ತುವ ಗಾಳಿ ಹಿಗ್ಗುತ್ತದೆ; ಒಂದು ಕಿಲೋಮೀಟರ್ ಏರಿದರೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ತಣಿಯುತ್ತದೆ. ತಣಿದ ಗಾಳಿಯಲ್ಲಿ ನೀರಾವಿ ಹೆಚ್ಚು ಹೊತ್ತು ಆವಿಯಾಗಿಯೇ ಉಳಿಯಲಾರದು. ಅರಬ್ಬೀ ಸಮುದ್ರದಿಂದ ತೇಲಿಬಂದ ಉಪ್ಪಿನ ಕಣ, ಧೂಳಿನ ಕಣಗಳಿಗೆ ಅಂಟಿಕೊಂಡು ಹನಿಯಾಗುತ್ತದೆ, ಹನಿ ಕೂಡಿ ಮಳೆಯಾಗುತ್ತದೆ.

ಆವಿ ಹನಿಯಾಗುವಾಗ ತನ್ನಲ್ಲಿ ಅಡಗಿದ್ದ ಶಾಖವನ್ನು ಗಾಳಿಗೇ ಬಿಟ್ಟುಕೊಡುತ್ತದೆ. ಹಾಗಾಗಿ ಮೋಡ ಕಟ್ಟಿದ ಮೇಲೆ ಗಾಳಿ ತಣಿಯುವ ವೇಗ ಕಿಲೋಮೀಟರಿಗೆ 5–6 ಡಿಗ್ರಿಗೆ ಇಳಿಯುತ್ತದೆ. ನೀರನ್ನು ಘಟ್ಟದಲ್ಲೇ ಸುರಿಸಿ, ಅದರ ಶಾಖವನ್ನು ಮಾತ್ರ ಹೊತ್ತು ಗಾಳಿ ಮೂಡಣಕ್ಕೆ ಇಳಿಯುತ್ತದೆ. ಇಳಿಯುವಾಗ ಒತ್ತಡಕ್ಕೆ ಸಿಕ್ಕಿ ಮತ್ತಷ್ಟು ಬಿಸಿಯಾಗುತ್ತದೆ. ಬಿಸಿಗಾಳಿಯಲ್ಲಿ ಹನಿಗಳು ಆರುತ್ತವೆ, ಉಳಿದ ಮೋಡವೂ ತೆಳುವಾಗುತ್ತದೆ. ಇದೇ ಮಳೆ ನೆರಳು. ಇಲ್ಲಿನ ಹೊಲಗಳಿಗೆ ಆಸರೆಯಾಗುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರಿನ ಗುಡುಗು ಮಳೆ.

ಮಲೆನಾಡು, ಅರೆಮಲೆನಾಡು, ಬಯಲುಸೀಮೆ ಎಂದು ನಾಡನ್ನು ಹೆಸರಿಸಿದ ನಮ್ಮ ಹಿರಿಯರು ಈ ಮಳೆಯ ಮೆಟ್ಟಿಲುಗಳನ್ನು ಕಂಡೇ ಇದ್ದರು. ಅಡಿಕೆ ಎಲ್ಲಿ, ರಾಗಿ ಎಲ್ಲಿ, ಕುರಿ ಮೇಯುವ ಕಾವಲು ಎಲ್ಲಿ ಎಂಬುದೆಲ್ಲ ಈ ಮೆಟ್ಟಿಲುಗಳ ಮೇಲೇ ನಿಂತಿದೆ.

ಮಳೆ ನೆರಳಿನ ಈ ಬಯಲಲ್ಲೇ ಇದೆ ಚಿತ್ರದುರ್ಗ ಜಿಲ್ಲೆಯ ವಾಣಿ ವಿಲಾಸ ಸಾಗರ, 1907ರಲ್ಲಿ ಪೂರ್ಣಗೊಂಡ ಅಣೆಕಟ್ಟು. ಅದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಆ ಸಾಗರವನ್ನು ತುಂಬುವ ವೇದಾವತಿ ಹುಟ್ಟುವುದು ಬಾಬಾಬುಡನ್ ಗಿರಿಯ ಮಡಿಲಲ್ಲಿ. ಬಯಲಿಗೆ ಮೋಡ ತಲುಪಿಸದ ನೀರನ್ನು ನದಿ ತಲುಪಿಸುತ್ತದೆ. ಗುಡ್ಡದ ಕಾಡು ಆ ಮಳೆಯನ್ನು ಇಂಗಿಸಿಕೊಂಡು ನಿಧಾನವಾಗಿ ಬಿಟ್ಟರೆ ಮಾತ್ರ ನದಿ ಬೇಸಿಗೆಯಲ್ಲೂ ಹರಿದೀತು. ಘಟ್ಟದ ಮರ ಉಳಿಸುವುದು ಮಲೆನಾಡಿಗರ ಕೆಲಸ ಮಾತ್ರವಲ್ಲ. ಬಯಲುಸೀಮೆಯ ಕೊಡ ತುಂಬುವ ಕೆಲಸವೂ ಅದೇ.