ಸರ್ಕಾರಿ ಶಾಲೆಗೆ ನಮ್ಮ ಸದಕಾ: ಯಾವ ಹಣ, ಯಾವ ದಾರಿ?

ಶಾಲೆ ಸರ್ಕಾರದ್ದು, ಅದಕ್ಕೆ ನಾವೇಕೆ ಚಂದಾ ಎತ್ತಬೇಕು? ಮಲ್ಲತ್ತಹಳ್ಳಿಯ ಸುತ್ತಮುತ್ತಲ ಸರ್ಕಾರಿ ಶಾಲೆಗಳ ಮಕ್ಕಳಿಗೆ ಪಠ್ಯದ ಆಚೆಗಿನ ಕಲಿಕೆಗೆ ನೆರವಾಗೋಣ ಎಂದು ಜುಮಾ ಬಯಾನಿನಲ್ಲಿ ಹೇಳಿದಾಗ ಬಂದ ಮೊದಲ ಪ್ರಶ್ನೆ ಇದು. ಎರಡನೆಯದು, ಈ ಕೆಲಸಕ್ಕೆ ಝಕಾತ್ ಹಣ ಆಗುತ್ತದೆಯೇ ಎಂಬುದು. ಎರಡೂ ಒಳ್ಳೆಯ ಪ್ರಶ್ನೆಗಳು. ಬಯಾನಿನ ಹದಿನೈದು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಕೊಡುವುದು ಸರ್ಕಾರದ ಹೊಣೆ. ಪಠ್ಯಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು, ಇವೆಲ್ಲ ಸರ್ಕಾರದಿಂದಲೇ ಬರುತ್ತವೆ. ಶಿಕ್ಷಕರಿಲ್ಲ, ಕೊಠಡಿ ಸೋರುತ್ತಿದೆ, ಶೌಚಾಲಯಕ್ಕೆ ನೀರಿಲ್ಲ ಎಂದರೆ ಅದಕ್ಕೆ ಚಂದಾ ಎತ್ತುವುದಲ್ಲ, ಅರ್ಜಿ ಬರೆಯಬೇಕು, ಶಾಸಕರ ಬಾಗಿಲು ತಟ್ಟಬೇಕು. ಹಕ್ಕಿನಿಂದ ಸಿಗಬೇಕಾದದ್ದನ್ನು ದಾನದಿಂದ ತುಂಬಿಸುತ್ತಾ ಹೋದರೆ ಕೊಡಬೇಕಾದವರು ಮರೆತುಬಿಡುತ್ತಾರೆ.

ಆದರೆ ಇಷ್ಟೆಲ್ಲ ಸಿಕ್ಕ ಮೇಲೂ ಒಂದು ಅಂತರ ಉಳಿಯುತ್ತದೆ. ಕಥೆಪುಸ್ತಕ, ಮಕ್ಕಳೇ ಕೈಯಿಂದ ಮಾಡಿ ನೋಡುವ ವಿಜ್ಞಾನ ಸಾಮಗ್ರಿ, ಇಂಗ್ಲಿಷ್ ಮಾತನಾಡುವ ಅಭ್ಯಾಸ, ಚದುರಂಗ, ಚಿತ್ರಕಲೆ, ವರ್ಷಕ್ಕೊಂದು ಪ್ರವಾಸ. ಖಾಸಗಿ ಶಾಲೆಯಲ್ಲಿ ಇವುಗಳಿಗೆ ತಂದೆತಾಯಿ ಫೀಸು ಕಟ್ಟುತ್ತಾರೆ. ಗಾರೆ ಕೆಲಸದವರ, ಆಟೋ ಓಡಿಸುವವರ, ಮನೆಗೆಲಸಕ್ಕೆ ಹೋಗುವವರ ಮಕ್ಕಳಿಗೆ ಕಟ್ಟುವವರು ಯಾರು? ಕಲಾಗ್ರಾಮ ನಮ್ಮ ಮಲ್ಲತ್ತಹಳ್ಳಿಯಲ್ಲೇ ಇದೆ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಪಕ್ಕದಲ್ಲೇ ಇದೆ. ಅವುಗಳ ಗೇಟಿನ ಮುಂದೆ ದಿನವೂ ಓಡಾಡುತ್ತಾ, ಒಳಗೆ ಒಮ್ಮೆಯೂ ಕಾಲಿಡದೆ ಬೆಳೆಯುವ ಮಕ್ಕಳಿದ್ದಾರೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ನೋಡಲು ಬಸ್ಸು ಬಾಡಿಗೆಗೆ ಹಿಡಿಯಬೇಕಾಗಿಯೂ ಇಲ್ಲ. ಜ್ಞಾನಭಾರತಿ ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರಾಯಿತು. ಬೇಕಾಗಿರುವುದು ಟಿಕೆಟ್ಟಿನ ಹಣ ಮತ್ತು ಮಕ್ಕಳ ಜೊತೆಗೆ ಹೋಗುವ ನಾಲ್ಕು ಜನ ದೊಡ್ಡವರು.

ಹರೇಕಳ ಹಾಜಬ್ಬರ ಹೆಸರು ಕೇಳದವರು ನಮ್ಮಲ್ಲಿ ಕಡಿಮೆ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಅವರನ್ನು ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು. ಉತ್ತರ ಹೇಳಲಾಗದ ಆ ಸಂಕಟವೇ ಅವರ ಊರಾದ ನ್ಯೂಪಡ್ಪುವಿಗೆ ಶಾಲೆ ತಂದಿತು. 2000ದ ಸುಮಾರಿಗೆ 28 ಮಕ್ಕಳೊಂದಿಗೆ, ಮದ್ರಸಾದ ಜಾಗದಲ್ಲಿ ಆ ಶಾಲೆ ಶುರುವಾಯಿತು. ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು, 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲೇ ಹೋಗಿ ಸ್ವೀಕರಿಸಿದರು. ಪತ್ರಿಕೆಗಳು ಬರಿಗಾಲನ್ನೇ ಹೆಚ್ಚು ಬರೆದವು. ನಮ್ಮ ಗಮನಕ್ಕೆ ಬರಬೇಕಾದದ್ದು ಬೇರೆ. ಹಾಜಬ್ಬರು ತಮ್ಮ ಹೆಸರಿನಲ್ಲಿ ಖಾಸಗಿ ಶಾಲೆ ಕಟ್ಟಲಿಲ್ಲ. ಸರ್ಕಾರಿ ಶಾಲೆಯನ್ನೇ ಕೇಳಿದರು, ಅದಕ್ಕಾಗಿ ಕಚೇರಿಗಳಿಗೆ ಅಲೆದರು, ದಾನಿಗಳ ಮುಂದೆ ಕೈಚಾಚಿದರು, ತಮಗೆ ಬಂದ ಬಹುಮಾನದ ಹಣವನ್ನೂ ಅದಕ್ಕೇ ಹಾಕಿದರು. ಸರ್ಕಾರದಿಂದ ಕೇಳುವುದು ಮತ್ತು ನಾವೂ ಕೊಡುವುದು ಒಟ್ಟಿಗೇ ನಡೆಯಬಹುದು ಎಂಬುದಕ್ಕೆ ಅವರೇ ಸಾಕ್ಷಿ.

ಎಲ್ಲ ಧರ್ಮದ ಮಕ್ಕಳೂ ಓದುವ ಶಾಲೆಗೆ ಜಮಾಅತ್‌ನ ಹಣ ಏಕೆ ಎಂದು ಒಬ್ಬರು ಮೆಲ್ಲಗೆ ಕೇಳಿದರು. ಬದ್ರ್‌ ಯುದ್ಧದ ಕೈದಿಗಳಲ್ಲಿ ಬಿಡುಗಡೆಯ ಹಣವಿಲ್ಲದ, ಆದರೆ ಅಕ್ಷರ ಬಲ್ಲವರಿಗೆ ಪ್ರವಾದಿ(ಸ) ಮದೀನಾದ ಮಕ್ಕಳಿಗೆ ಬರಹ ಕಲಿಸುವುದನ್ನೇ ಪರಿಹಾರವಾಗಿ ಗೊತ್ತುಮಾಡಿದ್ದರು. ಆ ಶಿಕ್ಷಕರು ಮುಸ್ಲಿಮರಾಗಿರಲಿಲ್ಲ, ನಿನ್ನೆಯವರೆಗೆ ಖಡ್ಗ ಹಿಡಿದು ಎದುರು ನಿಂತವರು! ವಿದ್ಯೆಯನ್ನು ಅವರಿಂದ ಪಡೆಯಬಹುದಾದರೆ, ನೆರೆಮನೆಯ ಮಗುವಿಗೆ ವಿದ್ಯೆ ಸಿಗಲು ನೆರವಾಗುವುದರಲ್ಲಿ ಹಿಂಜರಿಕೆ ಏಕೆ?

ಈಗ ಹಣದ ವಿಷಯ. ಇಲ್ಲಿ ಎಚ್ಚರ ಬೇಕು. ಝಕಾತ್ ಯಾರಿಗೆ ಸಲ್ಲಬೇಕೆಂದು ಸೂರಾ ತೌಬಾದ 60ನೇ ಆಯತ್ ಎಂಟು ವರ್ಗಗಳನ್ನು ಹೇಳಿದೆ. ನಮ್ಮ ಹನಫಿ ಫಿಕ್ಹ್ ಪ್ರಕಾರ ಝಕಾತ್ ಹಣ ಅರ್ಹ ಬಡ ಮುಸ್ಲಿಮನ ಒಡೆತನಕ್ಕೆ ಬರಬೇಕು. ಇದನ್ನೇ ತಮ್ಲೀಕ್ ಎನ್ನುತ್ತೇವೆ. ಶಾಲೆಯ ಗ್ರಂಥಾಲಯ, ಪ್ರೊಜೆಕ್ಟರ್, ತರಬೇತುದಾರರ ಗೌರವಧನ ಇವು ಯಾವ ಬಡವನ ಒಡೆತನಕ್ಕೂ ಸೇರುವುದಿಲ್ಲ. ಹಾಗಾಗಿ ಅವುಗಳಿಗೆ ಝಕಾತ್ ಕೊಟ್ಟರೆ ಝಕಾತ್ ಸಂದಾಯವಾಗುವುದಿಲ್ಲ. ಆದರೆ ಬಡ ಮುಸ್ಲಿಂ ಕುಟುಂಬದ ಮಗುವಿಗೆ ಬ್ಯಾಗು, ಜ್ಯಾಮಿಟ್ರಿ ಬಾಕ್ಸು, ನೋಟ್ ಪುಸ್ತಕ ಕೊಂಡು ಅವನದೇ ಆಗುವಂತೆ ಕೈಗೆ ಕೊಟ್ಟರೆ ಸಲ್ಲುತ್ತದೆ. ತಂದೆ ಅನುಕೂಲಸ್ಥನಾಗಿದ್ದರೆ ಅವನ ಚಿಕ್ಕ ಮಗುವಿಗೆ ಸಲ್ಲದು ಎಂಬುದೂ ನೆನಪಿರಲಿ.

ಹಾಗಾದರೆ ಶಾಲೆಗೆ ಯಾವ ಹಣ? ನಫಿಲ್ ಸದಕಾ. ಅದಕ್ಕೆ ಧರ್ಮದ ಗಡಿ ಇಲ್ಲ, ತಮ್ಲೀಕ್‌ನ ಷರತ್ತೂ ಇಲ್ಲ. ಮರಣದ ನಂತರವೂ ನಿಲ್ಲದ ಕರ್ಮಗಳಲ್ಲಿ ಸದಕತುಲ್ ಜಾರಿಯಾ ಮತ್ತು ಉಪಕಾರವಾಗುವ ವಿದ್ಯೆ ಎರಡನ್ನೂ ಪ್ರವಾದಿ(ಸ) ಎಣಿಸಿದ್ದಾರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಶಾಲೆಗೆ ಕೊಟ್ಟ ಪುಸ್ತಕ ಎರಡಕ್ಕೂ ಸೇರೀತು. ಬ್ಯಾಂಕಿನ ಬಡ್ಡಿಯನ್ನು ಇದರಲ್ಲಿ ಹಾಕಬಹುದೇ ಎಂದು ಕೇಳುವವರಿದ್ದಾರೆ. ಸವಾಬಿನ ನಿಯ್ಯತ್ ಇಲ್ಲದೆ ಅದನ್ನು ಬಡವರಿಗೆ ಕೊಟ್ಟು ಕೈತೊಳೆದುಕೊಳ್ಳಿ, ಈ ಡಬ್ಬಿಗೆ ತರಬೇಡಿ.

ಕೊಡುವ ದಾರಿಯೂ ನೇರವಾಗಿರಲಿ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ, ಜನರ ಬಾಯಲ್ಲಿ ಎಸ್‌ಡಿಎಂಸಿ. ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆನ್ನುತ್ತದೆ. ಹಣವನ್ನು ಮುಖ್ಯೋಪಾಧ್ಯಾಯರ ಕೈಗಲ್ಲ, ಸಮಿತಿಯ ಬ್ಯಾಂಕ್ ಖಾತೆಗೆ ಹಾಕಿ ರಸೀದಿ ಪಡೆಯಬೇಕು. ಅದಕ್ಕೂ ಮೊದಲು ಮಕ್ಕಳಿಗೆ ಏನು ಬೇಕೆಂದು ಸಮಿತಿಯನ್ನೇ ಕೇಳಬೇಕು. ನಾವು ಮನಸ್ಸಿಗೆ ಬಂದ ವಸ್ತು ಕೊಂಡು ಹೋಗಿ ಕೊಟ್ಟರೆ ಅದು ಬೀರುವಿನಲ್ಲೇ ಕೂರುತ್ತದೆ. ನಮ್ಮ ತಾಯಂದಿರು, ಸಹೋದರಿಯರು ಸಮಿತಿಯ ಸಭೆಗೆ ಹೋಗಿ ಬಾಯಿಬಿಟ್ಟು ಮಾತನಾಡಲಿ ಎಂಬುದು ನಮ್ಮ ಆಸೆ. ಚಂದಾಕ್ಕಿಂತ ಅದರ ಬೆಲೆ ಹೆಚ್ಚು.

ಒಂದು ಸಂಗತಿ ಮರೆಯಬಾರದು. 2022ರ ಅಕ್ಟೋಬರಿನಲ್ಲಿ, ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತ್ತು. ಸ್ವಇಚ್ಛೆಯದು ಎಂದಿದ್ದರೂ ವಿರೋಧ ಬಂದು ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಿತು. ಬಡ ಪೋಷಕನ ಮುಂದೆ ಪಟ್ಟಿ ಹಿಡಿದರೆ ಸ್ವಇಚ್ಛೆ ಎಂಬ ಮಾತು ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ಈ ಚಂದಾ ಮಕ್ಕಳ ಮನೆಗಳಿಂದ ಬೇಡ, ಉಳ್ಳ ಮನೆಗಳಿಂದ ಬರಲಿ. ನೂರು ಮನೆ ತಿಂಗಳಿಗೆ 50 ರೂಪಾಯಿ ಕೊಟ್ಟರೆ ವರ್ಷಕ್ಕೆ 60,000 ಆಗುತ್ತದೆ. ಒಂದು ಶಾಲೆಯ ಓದುವ ಮೂಲೆಗೂ ಮಕ್ಕಳ ಪ್ರವಾಸಕ್ಕೂ ಅದು ಒಳ್ಳೆಯ ಆರಂಭ.

ಕೊಟ್ಟ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಹಂಚಬೇಡಿ. ಎತ್ತಿ ಆಡಿದರೆ ದಾನ ವ್ಯರ್ಥವಾಗುತ್ತದೆಂದು ಸೂರಾ ಬಕರಾ ಎಚ್ಚರಿಸಿದೆ. ತೋರಿಸಬೇಕಾದದ್ದು ಲೆಕ್ಕ ಮಾತ್ರ, ಅದನ್ನು ಮಸೀದಿಯ ಫಲಕದಲ್ಲಿ ಪೈಸೆ ಪೈಸೆಗೆ ಬರೆಯೋಣ.

ಹಣವಿಲ್ಲದವರು ಸಮಯ ಕೊಡಬಹುದು. ಜ್ಞಾನಭಾರತಿಯಲ್ಲಿ ಓದುತ್ತಿರುವ ನಮ್ಮ ಯುವಕ ಯುವತಿಯರು ವಾರಕ್ಕೆ ಒಂದು ಗಂಟೆ ಇಂಗ್ಲಿಷ್ ಅಥವಾ ಗಣಿತ ಹೇಳಿಕೊಡಲಿ, ಆದರೆ ಶಾಲೆಯ ಅನುಮತಿ ಪಡೆದೇ ಹೋಗಲಿ. ಶನಿವಾರ ಶಾಲೆ ಮಧ್ಯಾಹ್ನಕ್ಕೆ ಮುಗಿಯುವುದರಿಂದ ಆ ಹೊತ್ತು ಅನುಕೂಲ. ಅದರಿಂದ ಮಕ್ತಬ್ ತಪ್ಪುತ್ತದೆಂದು ಯಾವ ತಾಯಿಯೂ ಚಿಂತಿಸಬೇಕಿಲ್ಲ. ಇಂಥ ತರಗತಿ ಶುರುವಾದರೆ ಆ ದಿನದ ಪಾಠವನ್ನು ಮಗ್ರಿಬ್ ನಂತರಕ್ಕೆ ಇಟ್ಟುಕೊಳ್ಳಲು ನಾವು ಸಿದ್ಧರಿದ್ದೇವೆ.