ಪರದೆಯ ಜಕಣ, ಪೀಠದ ದಾಸೋಜ

ಬೇಲೂರಿನ ಕಪ್ಪೆ ಚೆನ್ನಿಗರಾಯನ ಮುಂದೆ ನಿಂತ ಗೈಡು ಜಕಣಾಚಾರಿಯ ಕಥೆ ಹೇಳದೆ ಮುಂದೆ ಹೋಗುವುದಿಲ್ಲ. ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ ಊರಿಗೆ ಹೊಸಬನಾದ ಹುಡುಗ. ಅದು ನಿಜವಾದರೆ ಬಲಗೈಯನ್ನೇ ಕಡಿದುಕೊಳ್ಳುತ್ತೇನೆ ಎಂದು ಹಿರಿಯ ಶಿಲ್ಪಿ ಪಂಥ ಕಟ್ಟುತ್ತಾನೆ. ಮೈತುಂಬ ಬಳಿದ ಗಂಧ ಎಲ್ಲ ಕಡೆ ಒಣಗಿದರೂ ಹೊಕ್ಕುಳ ಸುತ್ತ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿ ತಾಗಿಸಿದರೆ ನೀರು, ಮರಳಿನ ಜೊತೆ ಜೀವಂತ ಕಪ್ಪೆ! ಮಾತಿಗೆ ತಪ್ಪದೆ ಕೈ ಕಡಿದುಕೊಂಡ ಮೇಲೆ ಜಕಣನಿಗೆ ತಿಳಿಯುತ್ತದೆ, ಹುಡುಗ ತನ್ನದೇ ಮಗ ಡಂಕಣ ಎಂದು. ಮುಂದೆ ತುಮಕೂರಿನ ಹತ್ತಿರದ ಕ್ರೀಡಾಪುರದಲ್ಲಿ ಚೆನ್ನಕೇಶವನ ಗುಡಿ ಕಟ್ಟಿದಾಗ ಹೋದ ಕೈ ಮರಳಿ ಬಂತಂತೆ, ಊರಿಗೆ ಕೈದಾಳ ಎಂಬ ಹೆಸರಾಯಿತಂತೆ.

ಸಿನಿಮಾದವರ ಕೈಗೆ ಇಂಥ ಕಥೆ ಸಿಕ್ಕರೆ ಬಿಟ್ಟಾರೆಯೇ? 1964ರಲ್ಲಿ ಬಿ. ಎಸ್. ರಂಗಾ ‘ಅಮರಶಿಲ್ಪಿ ಜಕಣಾಚಾರಿ’ಯನ್ನು ನಿರ್ಮಿಸಿ ನಿರ್ದೇಶಿಸಿದರು. ಜಕಣನಾಗಿ ಕಲ್ಯಾಣ್ ಕುಮಾರ್, ಜೊತೆಗೆ ಬಿ. ಸರೋಜಾದೇವಿ, ಸಂಗೀತ ಎಸ್. ರಾಜೇಶ್ವರ ರಾವ್ ಅವರದು. 1934ರ ‘ಸತಿ ಸುಲೋಚನಾ’ದಿಂದ ಮಾತಾಡಲು ಕಲಿತ ಕನ್ನಡ ಚಿತ್ರರಂಗ ಪೂರ್ತಿ ಬಣ್ಣದ ಒಂದು ಚಿತ್ರಕ್ಕಾಗಿ ಮೂವತ್ತು ವರ್ಷ ಕಾದಿತ್ತು. ಈಸ್ಟ್‌ಮನ್ ಕಲರ್‌ನ ಆ ಮೊದಲ ಚಿತ್ರ ಇದೇ. ಬೂದುಗಪ್ಪು ಕಲ್ಲಿನ ಕಥೆಗೇ ಮೊದಲ ಬಣ್ಣದ ಭಾಗ್ಯ ಒದಗಿದ್ದು ತಮಾಷೆಯೆನಿಸಿದರೂ, ರಂಗಾ ಅವರನ್ನು ಬಲ್ಲವರಿಗೆ ಅದು ಅಚ್ಚರಿಯಲ್ಲ. ಬೆಂಗಳೂರಿನ ಈ ಮನುಷ್ಯ ಮೂಲತಃ ಕ್ಯಾಮೆರಾದವರು. 1953ರ ತೆಲುಗು ‘ದೇವದಾಸು’ವಿಗೆ ಛಾಯಾಗ್ರಹಣ ಅವರದೇ. ಮದರಾಸಿನಲ್ಲಿ ಅವರ ಸ್ವಂತ ವಿಕ್ರಂ ಸ್ಟುಡಿಯೋ ಇತ್ತು. 1964ರಲ್ಲೇ ಅಕ್ಕಿನೇನಿ ನಾಗೇಶ್ವರರಾವ್ ಅವರನ್ನು ನಾಯಕನಾಗಿಸಿ ತೆಲುಗಿನಲ್ಲೂ ಇದೇ ಕಥೆಯನ್ನು ತೆರೆಗೆ ತಂದರು.

ಹೊರದೇಶಗಳಲ್ಲೂ ಆಗ ಇಂಥದೇ ಗಾಳಿ ಬೀಸುತ್ತಿತ್ತು. 1965ರಲ್ಲಿ ಹಾಲಿವುಡ್ ಮೈಕೆಲೇಂಜೆಲೊನನ್ನು ಚಾರ್ಲ್‌ಟನ್ ಹೆಸ್ಟನ್ ರೂಪದಲ್ಲಿ ತೋರಿಸಿತು. ರಷ್ಯಾದ ತಾರ್ಕೊವ್‌ಸ್ಕಿ ‘ಆಂದ್ರೇ ರುಬ್ಲೆವ್’ನಲ್ಲಿ ಚಿತ್ರಕಾರನ ಜೊತೆಗೆ ಗಂಟೆ ಎರಕ ಹೊಯ್ಯುವ ಹುಡುಗನಿಗೂ ದೊಡ್ಡ ಜಾಗ ಕೊಟ್ಟ. ರಾಜರಾಣಿಯರ ಕಥೆಗಳಿಗೆ ಒಗ್ಗಿಹೋಗಿದ್ದ ನಮ್ಮ ಪ್ರೇಕ್ಷಕರ ಮುಂದೆ ಉಳಿ, ಸುತ್ತಿಗೆ ಹಿಡಿದು ದುಡಿಯುವವನನ್ನು ನಾಯಕನಾಗಿ ನಿಲ್ಲಿಸಿದ್ದು ರಂಗಾ ಅವರ ಹೆಚ್ಚುಗಾರಿಕೆ. ಚಿತ್ರಕ್ಕೆ ಅಷ್ಟು ಋಣ ಸಲ್ಲಬೇಕು.

ತೊಡಕಿರುವುದು ಬೇರೆ ಕಡೆ. ಬೇಲೂರು, ಹಳೇಬೀಡಿನ ಯಾವ ಹೊಯ್ಸಳ ಶಾಸನದಲ್ಲೂ ಜಕಣಾಚಾರಿಯ ಹೆಸರಿಲ್ಲ.

ಹಾಗೆಂದು ಇಲ್ಲಿ ಕೆಲಸ ಮಾಡಿದವರು ಅನಾಮಿಕರೂ ಅಲ್ಲ. ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ ಬೆನ್ನಿಗೆ, 1117ರಲ್ಲಿ ವಿಷ್ಣುವರ್ಧನ ಬೇಲೂರಿನ ದೇವರನ್ನು ಪ್ರತಿಷ್ಠೆ ಮಾಡಿಸಿದ. ವಿಜಯನಾರಾಯಣ ಎಂಬ ಹೆಸರಿನಲ್ಲೇ ಯುದ್ಧದ ಗುರುತಿದೆ. ಅಲ್ಲಿನ ಮದನಿಕೆಯರ ಸೊಂಟದ ಬಳುಕು, ಕನ್ನಡಿ, ಗಿಳಿಯನ್ನು ನೋಡಿ ಮುಗಿಸಿದವರು ಕಣ್ಣನ್ನು ಚೂರು ಕೆಳಗಿಳಿಸಬೇಕು. ಕೆಲವು ವಿಗ್ರಹಗಳ ಪೀಠದ ಪಟ್ಟಿಯಲ್ಲಿ ಹಳಗನ್ನಡದ ಪುಟ್ಟ ಅಕ್ಷರಗಳು ಕಾಣುತ್ತವೆ. ಅವು ಕೆತ್ತಿದವರ ರುಜು. ಬಳ್ಳಿಗಾವೆಯ ದಾಸೋಜ ಅಲ್ಲಿದ್ದಾನೆ, ಅವನ ಮಗ ಚಾವಣನೂ ಇದ್ದಾನೆ. ಬಳ್ಳಿಗಾವೆ ಎಂದರೆ ಇಂದಿನ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿ. ಅಲ್ಲಿಂದ ಬಂದು ದುಡಿದ ಅಪ್ಪ–ಮಗ. ಇವರ ನಡುವೆ ಪಂಥವಿಲ್ಲ, ಕೈ ಕಡಿದುಕೊಂಡ ದುರಂತವೂ ಇಲ್ಲ. ಒಂದೇ ಗುಡಿಯಲ್ಲಿ ಇಬ್ಬರೂ ಕೆಲಸ ಮಾಡಿ ಹೆಸರು ಬರೆದಿದ್ದಾರೆ, ಅಷ್ಟೇ. ಸಿನಿಮಾಕ್ಕೆ ಇಷ್ಟು ಸಾಲದು, ನಿಜ.

ನಾಚಿಕೆ ಸ್ವಭಾವದವರಂತೂ ಇವರಲ್ಲ. ಕೆಲವರು ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದುಗಳನ್ನು ತಮಗೆ ತಾವೇ ಅಂಟಿಸಿಕೊಂಡಿದ್ದಾರೆ. ಆ ಜಂಬಕ್ಕೆ ಕಾರಣವೂ ಇತ್ತು. ಅವರು ಆರಿಸಿಕೊಂಡ ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೆದು, ಗಾಳಿಗೆ ಒಡ್ಡಿಕೊಳ್ಳುತ್ತಾ ಗಟ್ಟಿಯಾಗುತ್ತದೆ. ಮಣಿಸರದ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸಲು ಅದರಿಂದಲೇ ಸಾಧ್ಯವಾಯಿತು. ಒಳಗಿನ ಕಂಬಗಳನ್ನು ತಿರುಗಿಸಿ ಕಡೆದದ್ದರಿಂದ ಮೈಮೇಲಿನ ಬಳೆಗಳು ಇಂದಿಗೂ ನುಣುಪಾಗಿವೆ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಕೇದಾರೋಜನ ಹೆಸರು ಸಿಗುತ್ತದೆ.

ಅರಸೀಕೆರೆ ಸೀಮೆಗೆ ಬಂದರೆ ಇನ್ನೊಬ್ಬ ಸಿಗುತ್ತಾನೆ. ಊರೊಳಗಿನ ಶಿವಾಲಯದ ನಕ್ಷತ್ರಾಕಾರದ ಮುಖಮಂಟಪ ನೋಡಿ ಹಾರನಹಳ್ಳಿಗೆ ಹೋದರೆ, 1235ರ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಮಲ್ಲಿತಮ್ಮನ ರುಜು. ಜಾವಗಲ್‌ನಲ್ಲಿ ಮತ್ತೆ ಅವನೇ. (ಜಾವಗಲ್ ಎಂದರೆ ಶ್ರೀನಾಥ್ ಒಬ್ಬರೇ ನೆನಪಾಗುವವರು ಒಮ್ಮೆ ಇಲ್ಲಿನ ದೇವಸ್ಥಾನದ ಗೋಡೆಯನ್ನೂ ನೋಡಿ ಬರಬಹುದು.) ಸೋಮನಾಥಪುರದಲ್ಲೂ ಮಲ್ಲಿತಮ್ಮನ ಕೈಯಿದೆ. ದಶಕಗಟ್ಟಲೆ ಊರಿಂದ ಊರಿಗೆ ಕೆಲಸ ಹುಡುಕಿ ನಡೆದ ಕಸುಬುದಾರನ ಬದುಕನ್ನು ಈ ರುಜುಗಳ ಜಾಡು ಹಿಡಿದೇ ಕಟ್ಟಿಕೊಳ್ಳಬೇಕು.

ಸರ್ಕಾರ ಈಗ ಜನವರಿ 1ರಂದು ಜಕಣಾಚಾರಿ ಸಂಸ್ಮರಣೆ ಮಾಡುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದವು. ದಾಸೋಜನ ಮೇಲಾಗಲಿ ಮಲ್ಲಿತಮ್ಮನ ಮೇಲಾಗಲಿ ಯಾರಾದರೂ ಚಿತ್ರ ಮಾಡಹೊರಟರೆ ಕಥೆಗೆ ಬರವೇನಿಲ್ಲ. 1246ರ ನುಗ್ಗೇಹಳ್ಳಿ ಗುಡಿಯನ್ನೇ ನೋಡಿ: ದಕ್ಷಿಣದ ಗೋಡೆ ನಂದಿಯ ಬೈಚೋಜನ ಪಾಲು, ಉತ್ತರದ ಗೋಡೆ ಮಲ್ಲಿತಮ್ಮನ ಪಾಲು. ಒಂದು ಬದಿಯದು ನಯ, ಇನ್ನೊಂದು ಬದಿಯದು ಒರಟು ಎಂದು ಕಲಾ ಇತಿಹಾಸಕಾರರು ಇಂದಿಗೂ ಹೋಲಿಸಿ ವಾದಿಸುತ್ತಾರೆ. ಒಂದೇ ಆವರಣದಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೆತ್ತುತ್ತಿದ್ದ ಆ ಇಬ್ಬರೂ ಬಿಡುವಿನಲ್ಲಿ ಪರಸ್ಪರರ ಗೋಡೆಯನ್ನು ನೋಡಲು ಹೋಗಿರದೆ ಇರಲಾರರು.